ಒತ್ತಿದಷ್ಟೂ ಝರ್ ಎನ್ನುವ ಇ ತಂತಿ: ತಪ್ಪು ಕೈಯದೋ, ವಾದ್ಯದ್ದೋ?

ಪ್ರಶ್ನೆ: ನಾಲ್ಕು ತಂತಿಯ ಬೇಸ್ ಗಿಟಾರ್ ಕಲಿಯಲು ಶುರುಮಾಡಿ 14 ತಿಂಗಳಾಯಿತು. ನನ್ನದು 34 ಇಂಚು ಸ್ಕೇಲ್‌ನ (ತಂತಿ ಕಂಪಿಸುವ ಉದ್ದ) ವಾದ್ಯ, 45–105ರ (ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ) ತಂತಿ. ನಮ್ಮ ಬ್ಯಾಂಡಿನ ಗಾಯಕಿಗೆ ಮೇಲಿನ ಸ್ವರಗಳು ಕಷ್ಟವಾಗುತ್ತವೆಂದು ಮೂರು ತಿಂಗಳ ಹಿಂದೆ ಎಲ್ಲರೂ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡೆವು. ಈಗ ಇ ತಂತಿಯಲ್ಲಿ 1ರಿಂದ 4ನೇ ಫ್ರೆಟ್‌ವರೆಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ಝರ್ ಎನ್ನುವ ಸದ್ದು. ಗಟ್ಟಿಯಾಗಿ ಒತ್ತಿದರೂ ಹೋಗುವುದಿಲ್ಲ. 20 ನಿಮಿಷ ನುಡಿಸುವಷ್ಟರಲ್ಲಿ ಎಡಗೈ ಹೆಬ್ಬೆರಳಿನ ಬುಡ ನೋಯುತ್ತದೆ. ರೆಕಾರ್ಡಿಂಗ್ ಕೇಳಿದರೆ ಸ್ವರಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡಂತೆ ಕೇಳಿಸುತ್ತವೆ. ಗೆಳೆಯರಲ್ಲಿ ಒಬ್ಬ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಎತ್ತರಿಸು ಎನ್ನುತ್ತಾನೆ, ಇನ್ನೊಬ್ಬ ಫ್ರೆಟ್ ಉಜ್ಜು ಎನ್ನುತ್ತಾನೆ. ಕೈ ಚಿಕ್ಕದು, ಶಾರ್ಟ್ ಸ್ಕೇಲ್ ತೆಗೆದುಕೊ ಎಂದವರೂ ಇದ್ದಾರೆ. ಬೆರಳು ಗಟ್ಟಿಯಾದರೆ ನೋವು ತಾನಾಗಿ ಹೋಗುತ್ತದಂತೆ. ತಪ್ಪು ನನ್ನ ಕೈಯಲ್ಲಿದೆಯೋ ವಾದ್ಯದಲ್ಲೋ? ಐದು ತಂತಿಯ ಬೇಸ್ ಕೊಂಡರೆ ಸರಿಹೋದೀತೆ?

ಉತ್ತರ: ಸದ್ದು, ನೋವು, ಕಲಸಿದ ರೆಕಾರ್ಡಿಂಗ್ ಎಂದು ಮೂರು ತೊಂದರೆ ಬರೆದಿದ್ದೀರಿ. ಮೊದಲೆರಡರ ಬೇರು ಒಂದೇ ಕಡೆ ಇರುವಂತಿದೆ, ಅದನ್ನು ನಿಮ್ಮ ಪತ್ರದಲ್ಲಿ ನೀವೇ ಹೇಳಿಬಿಟ್ಟಿದ್ದೀರಿ: ಮೂರು ತಿಂಗಳ ಹಿಂದೆ ಶ್ರುತಿ ಇಳಿಸಿದ್ದು. ಹೊಸ ವಾದ್ಯದ ಯೋಚನೆಯನ್ನು ಸದ್ಯ ಪಕ್ಕಕ್ಕಿಡಿ.

ತಂತಿಯ ಬಿಗಿತ ಅದರ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಇ ತಂತಿ 41.2 ಹರ್ಟ್ಸ್‌ನಿಂದ 38.9ಕ್ಕೆ ಇಳಿದರೆ ಕೇಳುವುದಕ್ಕೆ ಅರ್ಧ ಸ್ವರ ಮಾತ್ರ, ಆದರೆ ಬಿಗಿತದಲ್ಲಿ ಸುಮಾರು 11 ಶೇಕಡಾ ಹೋಗಿರುತ್ತದೆ. ನಾಲ್ಕೂ ತಂತಿಗಳು ಅಷ್ಟಷ್ಟು ಸಡಿಲವಾದಾಗ ಒಟ್ಟಿಗೆ ಎರಡು ಪರಿಣಾಮ ಕಾಣಿಸುತ್ತವೆ. ಸಡಿಲವಾದ ತಂತಿಯನ್ನು ಅದೇ ಜೋರಿನಲ್ಲಿ ಮೀಟಿದರೆ ಅದು ಮೊದಲಿಗಿಂತ ಅಗಲವಾಗಿ ತೂಗುತ್ತದೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ನೆಕ್ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ನೆಕ್ಕನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ, ತಂತಿಗಳು ಮುಂದಕ್ಕೆ ಬಗ್ಗಿಸುತ್ತಿರುತ್ತವೆ. ಈ ಜಗ್ಗಾಟದಲ್ಲಿ ತಂತಿಯ ಕಡೆಯ ಬಲ ಕುಗ್ಗಿದರೆ ರಾಡ್ ಮೇಲುಗೈ ಪಡೆದು ನೆಕ್ ನೆಟ್ಟಗಾಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ತಂತಿ ಹೆಚ್ಚು ತೂಗುವುದು ತನ್ನ ನಡುಭಾಗದಲ್ಲಿ. ಅಲ್ಲಿ ಅದಕ್ಕೆ ಜಾಗ ಸಿಗಲೆಂದೇ ನೆಕ್‌ನಲ್ಲಿ ಸಣ್ಣದೊಂದು ಬಾಗು ಬಿಟ್ಟಿರುತ್ತಾರೆ. ಇದಕ್ಕೆ ರಿಲೀಫ್ ಎನ್ನುತ್ತಾರೆ. ರಿಲೀಫ್ ಮಾಯವಾದಾಗ ಮೊದಲು ತಗಲುವುದು ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ದಾಟಿಹೋಗುವ ಪಟ್ಟಿ) ಹತ್ತಿರದ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ, ಅದರಲ್ಲೂ ಅತಿ ದಪ್ಪದ ಇ ತಂತಿಯಲ್ಲಿ. ನೀವು ಬರೆದಿರುವುದೂ ಇದನ್ನೇ.

ಇನ್ನು ಒತ್ತುವ ವಿಷಯ. 2ನೇ ಫ್ರೆಟ್‌ನಲ್ಲಿ ಬೆರಳಿಟ್ಟಾಗ ತಂತಿ ತಗಲುತ್ತಿರುವುದು 3, 4, 5ನೇ ಫ್ರೆಟ್‌ಗಳಿಗೆ, ಅಂದರೆ ನಿಮ್ಮ ಬೆರಳಿನಿಂದ ಬ್ರಿಡ್ಜ್ ಕಡೆಗಿರುವ ಭಾಗದಲ್ಲಿ. ಬೆರಳ ಕೆಳಗೆ ಎಷ್ಟು ಒತ್ತಿದರೂ ಮುಂದಿನ ತಂತಿ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ತಂತಿ 2ನೇ ಫ್ರೆಟ್‌ಗೆ ಸರಿಯಾಗಿ ಕೂತ ಮೇಲೆ ನೀವು ಹಾಕುವ ಹೆಚ್ಚುವರಿ ಬಲವೆಲ್ಲ ಹೆಬ್ಬೆರಳಿನ ಬುಡಕ್ಕೇ ಹೋಗುತ್ತದೆ, ಜೊತೆಗೆ ಸ್ವರ ಒಂದಿಷ್ಟು ಏರುತ್ತದೆ. ಸದ್ದು ಬಂತೆಂದು ಒತ್ತಿದಿರಿ, ಹೋಗಲಿಲ್ಲವೆಂದು ಇನ್ನಷ್ಟು ಒತ್ತಿದಿರಿ, ಅದನ್ನು ಮುಚ್ಚಲು ಬಹುಶಃ ಬಲಗೈಯಲ್ಲೂ ಜೋರಾಗಿ ಮೀಟಿದಿರಿ. ಜೋರಾಗಿ ಮೀಟಿದರೆ ತೂಗು ಹೆಚ್ಚು, ತೂಗು ಹೆಚ್ಚಾದರೆ ಸದ್ದು ಹೆಚ್ಚು.

ಅಂದಾಜಿನ ಮೇಲೆ ಯಾವ ಸ್ಕ್ರೂವನ್ನೂ ಮುಟ್ಟಬೇಡಿ, ಮೊದಲು ಅಳೆಯಿರಿ. ನೀವು ನುಡಿಸುವ ಶ್ರುತಿಗೇ, ಅಂದರೆ ಅರ್ಧ ಸ್ವರ ಇಳಿಸಿಯೇ ಟ್ಯೂನ್ ಮಾಡಿಕೊಳ್ಳಿ. ವಾದ್ಯವನ್ನು ಮೇಜಿನ ಮೇಲೆ ಮಲಗಿಸದೆ ನುಡಿಸುವಾಗ ಹಿಡಿಯುವಂತೆಯೇ ತೊಡೆಯ ಮೇಲಿಟ್ಟುಕೊಳ್ಳಿ, ಮಲಗಿಸಿದರೆ ನೆಕ್‌ನ ಸ್ವಂತ ಭಾರವೇ ಅಳತೆಯನ್ನು ಕೆಡಿಸುತ್ತದೆ. 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಇ ತಂತಿಯನ್ನು ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಒತ್ತಿ. ಈಗ ಆ ತಂತಿಯೇ ನಿಮ್ಮ ನೇರ ಪಟ್ಟಿ. 7–8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.30ರಿಂದ 0.35 ಮಿ.ಮೀ. ಸಂದು ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ, ದಪ್ಪ ಹೆಚ್ಚುಕಡಿಮೆ ಅಷ್ಟೇ. ತಂತಿಯನ್ನು ಎತ್ತದೆ ಕಾರ್ಡ್ ಹೋಗದಿದ್ದರೆ ರಿಲೀಫ್ ಕಡಿಮೆ. ತಂತಿ ಆಗಲೇ ಫ್ರೆಟ್‌ಗೆ ಅಂಟಿಕೊಂಡಿದ್ದರೆ ಬಾಗು ಪೂರ್ತಿ ಹೋಗಿದೆ ಎಂದರ್ಥ.

ಹಾಗಿದ್ದಲ್ಲಿ ಟ್ರಸ್ ರಾಡನ್ನು ಸ್ವಲ್ಪ ಸಡಿಲಿಸಬೇಕು. ಅದರ ತಿರುಪು ಕೆಲವು ವಾದ್ಯಗಳಲ್ಲಿ ಹೆಡ್‌ಸ್ಟಾಕ್ ಕಡೆ ಇರುತ್ತದೆ, ಕೆಲವಲ್ಲಿ ನೆಕ್‌ನ ಬುಡದಲ್ಲಿ. ಅದಕ್ಕೆಂದೇ ಬರುವ ಅಳತೆಯ ಅಲೆನ್ ಕೀ ಬೇಕು, ಕೀ ಪೂರ್ತಿ ಆಳಕ್ಕೆ ಕೂತಿರಬೇಕು. ಇಂಚಿನ ತಿರುಪಿಗೆ ಮಿಲಿಮೀಟರಿನ ಕೀ ಹಾಕಿ ಅಂಚು ಸವೆಸಿಕೊಂಡ ವಾದ್ಯಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಆ ಮೇಲೆ ಅದು ದೊಡ್ಡ ಕೆಲಸ. ತಿರುಪಿಗೆ ಎದುರಾಗಿ ನೋಡುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎಂಟನೇ ಒಂದು ಸುತ್ತು ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮರ ನಿಧಾನವಾಗಿ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಮಾರನೆಯ ದಿನ ಇನ್ನೊಮ್ಮೆ ನೋಡಿ. ತಿರುಪು ಅಲುಗದೆ ಪಟ್ಟು ಹಿಡಿದರೆ ಬಲಾತ್ಕಾರ ಮಾಡಬೇಡಿ. ಪೂರ್ತಿ ಸಡಿಲವಾಗಿ ಸುಮ್ಮನೆ ತಿರುಗುತ್ತಿದ್ದರೂ ಬಾಗು ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡೂ ಸಂದರ್ಭದಲ್ಲಿ ವಾದ್ಯ ರಿಪೇರಿ ಬಲ್ಲವರ ಕೈಗೆ ಹೋಗಬೇಕು.

ಬ್ರಿಡ್ಜ್ ಎತ್ತರಿಸು ಎಂಬ ಸಲಹೆ ಪೂರ್ತಿ ತಪ್ಪಲ್ಲ, ಸರದಿ ತಪ್ಪಿದೆ. ಸ್ಯಾಡಲ್ (ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರುವ ತುಂಡು) ಎತ್ತರಿಸಿದಾಗ ತಂತಿ ಹೆಚ್ಚು ಮೇಲೇಳುವುದು ಬ್ರಿಡ್ಜ್ ಕಡೆ, ನಟ್ ಕಡೆಗೆ ಹೋದಂತೆ ಅದರ ಪಾಲು ಕಡಿಮೆಯಾಗುತ್ತದೆ. ಮೊದಲ ನಾಲ್ಕು ಫ್ರೆಟ್‌ಗಳ ಸದ್ದನ್ನು ಹೀಗೆ ಅಡಗಿಸಬೇಕೆಂದರೆ 12ನೇ ಫ್ರೆಟ್‌ನಲ್ಲಿ ತಂತಿ ಬೆಟ್ಟದಷ್ಟು ಎತ್ತರವಾಗಿರುತ್ತದೆ, ಈಗಲೇ ನೋಯುತ್ತಿರುವ ಕೈಗೆ ಇನ್ನೂ ಕೆಲಸ ಬೀಳುತ್ತದೆ. ರಿಲೀಫ್ ಸರಿಪಡಿಸಿದ ನಂತರ ಆಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಯ ಎತ್ತರ, ನೋಡಿ. 12ನೇ ಫ್ರೆಟ್‌ನ ತಲೆಯಿಂದ ತಂತಿಯ ತಳದವರೆಗೆ ಇ ತಂತಿಗೆ 2.25–2.5 ಮಿ.ಮೀ., ಜಿ ತಂತಿಗೆ 1.75–2 ಮಿ.ಮೀ. ಇದ್ದರೆ ಹೆಚ್ಚಿನವರಿಗೆ ಸಾಕು. ಕೈ ಜೋರಿದ್ದರೆ ಇ ತಂತಿ 2.75ರವರೆಗೆ ಹೋಗಬಹುದು. ಸ್ಯಾಡಲ್‌ನ ಎರಡೂ ತಿರುಪುಗಳನ್ನು ಸಮನಾಗಿ ತಿರುಗಿಸಿ. ಅಂದಹಾಗೆ, ತಗ್ಗಿನ ಆಕ್ಷನ್ ಇದ್ದರೇ ಒಳ್ಳೆಯ ಬೇಸ್ ಎಂಬ ನಂಬಿಕೆಗೂ ಆಧಾರವಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ರೆಕಾರ್ಡಿಂಗ್‌ಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಎತ್ತರದ ಆಕ್ಷನ್, ಹಳೆಯ ದಪ್ಪ ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ) ತಂತಿ ಇಟ್ಟುಕೊಂಡು ಬಲಗೈಯ ತೋರುಬೆರಳೊಂದರಲ್ಲೇ ನುಡಿಸಿದವರು. ಆದರೆ ಅವರು ನಿಂತು ನುಡಿಸುವ ದೊಡ್ಡ ಬೇಸ್‌ನಿಂದ ಬಂದವರು, ಕೈ ಅದಕ್ಕೆ ಪಳಗಿತ್ತು.

ಫ್ರೆಟ್ ಉಜ್ಜುವ ಮಾತನ್ನು ಕಿವಿಯ ಮೇಲೂ ಹಾಕಿಕೊಳ್ಳಬೇಡಿ. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಎತ್ತರದ ಫ್ರೆಟ್ ಒಂದಿದ್ದರೆ ಸದ್ದು ಅದರ ಹಿಂದಿನ ಒಂದೆರಡು ಮನೆಯಲ್ಲಿ ಮಾತ್ರ ಬರುತ್ತದೆ, ಹೀಗೆ ಸಾಲಾಗಿ ನಾಲ್ಕರಲ್ಲೂ ಬರುವುದಿಲ್ಲ. ರಿಲೀಫ್ ಸರಿಯಾದ ಮೇಲೂ, ಉದಾಹರಣೆಗೆ, 3ನೇ ಫ್ರೆಟ್ ಮಾತ್ರ ಝರ್ ಎನ್ನುತ್ತಿದ್ದರೆ ಒಂದು ಗಟ್ಟಿ ಪ್ಲಾಸ್ಟಿಕ್ ಕಾರ್ಡಿನ ನೇರ ಅಂಚನ್ನು 3, 4, 5ನೇ ಫ್ರೆಟ್‌ಗಳ ಮೇಲೆ ಒಟ್ಟಿಗೆ ಇಡಿ. ಕಾರ್ಡ್ ತೂಗುಯ್ಯಾಲೆಯಂತೆ ಆಡಿದರೆ ನಡುವಿನ 4ನೆಯದು ಎದ್ದಿದೆ. ಅದನ್ನು ಕೂರಿಸುವುದೋ ಸವರುವುದೋ ಎಂಬ ತೀರ್ಮಾನ ಕುಶಲಕರ್ಮಿಯದು. ಒತ್ತದೆ ಖಾಲಿ ಮೀಟಿದಾಗ ಮಾತ್ರ ಸದ್ದು ಬಂದರೆ ನಟ್‌ನಲ್ಲಿ ತಂತಿ ಕೂರುವ ತೋಡು ಆಳವಾಗಿದೆ ಎಂದು ಊಹಿಸಬಹುದು. 12ರಿಂದ ಮೇಲಿನ ಫ್ರೆಟ್‌ಗಳಲ್ಲಿ ಬಂದರೆ ಆಕ್ಷನ್ ತಗ್ಗಿದೆ, ಇಲ್ಲವೇ ರಿಲೀಫ್ ಅತಿಯಾಗಿದೆ. ಇನ್ನೊಂದು: ಆಂಪ್ ಆರಿಸಿ ಕೇಳಿದಾಗ ಬರುವ ಸಣ್ಣ ಕರಕರ ಆಂಪ್‌ನಲ್ಲಿ ಕೇಳಿಸದಿದ್ದರೆ ಅದನ್ನು ಬಿಟ್ಟುಬಿಡಿ. ಲೋಹದ ಫ್ರೆಟ್, ಲೋಹದ ತಂತಿ, ಅಷ್ಟು ಇದ್ದೇ ಇರುತ್ತದೆ.

ಈ ಶ್ರುತಿಯಲ್ಲೇ ಮುಂದುವರಿಯುವುದಾದರೆ ದಪ್ಪ ತಂತಿಯನ್ನೂ ಯೋಚಿಸಬಹುದು. ಇಳಿಸಿದ ಶ್ರುತಿಯಲ್ಲಿ 110ರ ಇ ತಂತಿಯ ಬಿಗಿತ, ಮಾಮೂಲಿ ಶ್ರುತಿಯ 105ಕ್ಕೆ ಹೆಚ್ಚುಕಡಿಮೆ ಸಮ. ಆದರೆ 50–110ರ ಇಡೀ ಸೆಟ್ ಹಾಕಿದರೆ 50ರ ಜಿ ತಂತಿ ಶ್ರುತಿ ಇಳಿಸಿದ ಮೇಲೂ ನಿಮ್ಮ ಹಳೆಯ 45ಕ್ಕಿಂತ ಸುಮಾರು 10 ಶೇಕಡಾ ಬಿಗಿ, ಬೆರಳಿಗೆ ಅದು ಗೊತ್ತಾಗುತ್ತದೆ. ನಿಮ್ಮ ದೂರು ಇ ತಂತಿಯದು ಮಾತ್ರ ಆಗಿರುವುದರಿಂದ 110ರ ಬಿಡಿ ತಂತಿಯೊಂದು ಸಿಕ್ಕರೆ ಅದೇ ಸಾಕು. ಎಚ್ಚರ ಬೇಕಾದದ್ದು ನಟ್‌ನಲ್ಲಿ. 105ಕ್ಕೆ ಕೊರೆದ ತೋಡಿನಲ್ಲಿ 110 ಕೂರದೆ ಮೇಲೇ ನಿಲ್ಲಬಹುದು. ಟ್ಯೂನ್ ಮಾಡುವಾಗ ಟಿಂಕ್ ಎಂದು ಸದ್ದಾಗಿ ಸ್ವರ ನೆಗೆದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ, ತೋಡನ್ನು ಸ್ವಲ್ಪ ಅಗಲಿಸಬೇಕು. ತಂತಿ ಬದಲಿಸಿದ ಮೇಲೆ ರಿಲೀಫ್ ಮತ್ತೊಮ್ಮೆ ಅಳೆಯಿರಿ, ಕೊನೆಗೆ ಇಂಟೊನೇಷನ್ (ಫ್ರೆಟ್ ಒತ್ತಿದ ಸ್ವರ ಶ್ರುತಿಯಲ್ಲಿದೆಯೇ ಎಂಬುದು) ನೋಡಿ: 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ಒತ್ತದೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದ ಸ್ವರ) ಅದೇ ಫ್ರೆಟ್ ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ.

ಶಾರ್ಟ್ ಸ್ಕೇಲ್‌ನಿಂದ ಕೈ ಚಾಚುವ ಕಷ್ಟ ಇಳಿಯುವುದು ನಿಜ. 34 ಇಂಚಿನಲ್ಲಿ 1ನೇ ಫ್ರೆಟ್‌ನಿಂದ 4ನೆಯದಕ್ಕೆ ಸುಮಾರು 13 ಸೆಂ.ಮೀ., 30 ಇಂಚಿನಲ್ಲಿ 11.4. ಆದರೆ ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡರೆ ಬಿಗಿತ ಇನ್ನೂ ಸುಮಾರು 22 ಶೇಕಡಾ ಇಳಿಯುತ್ತದೆ. ಸಡಿಲ ತಂತಿಯ ತೊಂದರೆಗೆ ಇನ್ನೂ ಸಡಿಲ ತಂತಿಯ ವಾದ್ಯ ತಂದಂತಾಗುತ್ತದೆ. ಅದಕ್ಕೂ ದಪ್ಪ ತಂತಿ ಹಾಕಿ ಹೊಂದಿಸಬೇಕು. ಕೈ ಚಿಕ್ಕದಾದರೆ ಮೊದಲು ಬೆರಳಿಡುವ ಕ್ರಮ ಬದಲಿಸಿ. 5ನೇ ಫ್ರೆಟ್‌ವರೆಗೆ ಫ್ರೆಟ್‌ಗೊಂದು ಬೆರಳು ಎಂಬ ನಿಯಮ ಕೈಬಿಟ್ಟು, ದೊಡ್ಡ ಬೇಸ್ ನುಡಿಸುವವರ ಹಾಗೆ ತೋರು, ನಡು, ಕಿರುಬೆರಳುಗಳಿಂದ ಮೂರು ಫ್ರೆಟ್ ಮಾತ್ರ ಹಿಡಿಯಿರಿ. ಉಂಗುರಬೆರಳು ಕಿರುಬೆರಳಿಗೆ ಜೊತೆಯಾಗಿ ಕೂರಲಿ. ನಾಲ್ಕನೆಯ ಫ್ರೆಟ್ ಬೇಕಾದಾಗ ಬೆರಳು ಚಾಚದೆ ಇಡೀ ಕೈಯನ್ನು ಸರಿಸಿ. 5ರಿಂದ ಮೇಲೆ ನಾಲ್ಕು ಬೆರಳಿನ ಕ್ರಮ ಸಲೀಸು, 5ರಿಂದ 8ಕ್ಕೆ 10 ಸೆಂ.ಮೀ. ಚಿಲ್ಲರೆ ಅಷ್ಟೇ.

ಈಗ ಕೈಗೆ ಬರೋಣ. ಬೆರಳು ಗಟ್ಟಿಯಾಗುವುದೆಂದರೆ ತುದಿಯ ಚರ್ಮ ಗಟ್ಟಿಯಾಗುವುದು. ಹೆಬ್ಬೆರಳ ಬುಡದ ಸ್ನಾಯುವಿಗೂ ಅದಕ್ಕೂ ಸಂಬಂಧವಿಲ್ಲ, ಆ ನೋವು ಕಾದರೆ ಹೋಗುವಂಥದ್ದಲ್ಲ. ಅದು ಚಿಮುಟದಂತೆ ನೆಕ್ಕನ್ನು ಹಿಂದಿನಿಂದ ಹಿಸುಕುವ ನೋವು.

ನಿಜವಾಗಿ ಎಷ್ಟು ಬಲ ಬೇಕೆಂದು ಕೈಗೇ ತೋರಿಸಿಕೊಡಿ. ಇ ತಂತಿಯ 3ನೇ ಫ್ರೆಟ್‌ನಲ್ಲಿ ಬೆರಳನ್ನು ತಂತಿಗೆ ತಾಗಿಸಿ, ಒತ್ತಬೇಡಿ. ಬಲಗೈಯಲ್ಲಿ ಒಂದೇ ಸಮನೆ ಮೀಟುತ್ತಿರಿ. ಮೊದಲು ಸತ್ತ ಸದ್ದು ಬರುತ್ತದೆ. ಬೆರಳಿನ ಬಲವನ್ನು ಹಗುರವಾಗಿ ಏರಿಸುತ್ತ ಹೋದರೆ ಸತ್ತ ಸದ್ದು ಕರಕರವಾಗಿ, ಒಂದು ಹಂತದಲ್ಲಿ ಸ್ವರವಾಗಿ ತೆರೆದುಕೊಳ್ಳುತ್ತದೆ. ಅಲ್ಲೇ ನಿಲ್ಲಿ, ಬೇಕಾದದ್ದು ಅಷ್ಟೇ ಬಲ. ಈಗ ಅದೇ ಬೆರಳನ್ನು 2 ಮತ್ತು 3ನೇ ಫ್ರೆಟ್‌ಗಳ ನಟ್ಟನಡುವಿಗೆ ತಂದು ಇದನ್ನೇ ಮಾಡಿ, ಹೆಚ್ಚು ಬಲ ಕೇಳುತ್ತದೆ. 3ನೇ ಫ್ರೆಟ್‌ನ ಲೋಹಕ್ಕೆ ಹಿಂದಿನಿಂದ ಒರಗುವಷ್ಟು ಹತ್ತಿರ ತಂದರೆ ತೀರ ಕಡಿಮೆ ಸಾಕು. ಲೋಹದ ಮೇಲೇ ಹತ್ತಿದರೆ ಮಾತ್ರ ಸ್ವರ ಉಸಿರು ಕಟ್ಟಿದಂತಾಗುತ್ತದೆ. ದಿನಕ್ಕೆ ಮೂರು ನಿಮಿಷ, ಸಾಧನೆಯ ಮೊದಲಿಗೇ, ಎರಡು ವಾರ ಇದನ್ನು ಮಾಡಿ. ಆಮೇಲೆ ಹೆಬ್ಬೆರಳನ್ನು ನೆಕ್‌ನಿಂದ ಪೂರ್ತಿ ತೆಗೆದು ಒಂದು ಸುಲಭದ ಸಾಲು ನುಡಿಸಿ ನೋಡಿ. ಬಲಗೈ ಮುಂದೋಳು ಬಾಡಿಯನ್ನು ನಿಮ್ಮ ಕಡೆಗೆ ಒತ್ತಿ ಹಿಡಿದರೆ ಎಡತೋಳಿನ ಭಾರವೇ ತಂತಿಯನ್ನು ಕೂರಿಸುತ್ತದೆ. ಹೀಗೆಯೇ ಸದಾ ನುಡಿಸಬೇಕೆಂದಿಲ್ಲ, ಹೆಬ್ಬೆರಳು ಹಿಸುಕಲೆಂದು ಇರುವುದಲ್ಲ ಎಂದು ಕೈಗೆ ತಿಳಿದರೆ ಸಾಕು.

ಮಣಿಕಟ್ಟು ಹೆಚ್ಚು ಬಾಗದಂತೆ ನೋಡಿಕೊಳ್ಳಿ. ಬೇಸ್ ಸೊಂಟದ ಕೆಳಗೆ ತೂಗುತ್ತಿದ್ದರೆ ಮಣಿಕಟ್ಟು ಮುರಿದಂತೆ ಬಾಗಲೇಬೇಕಾಗುತ್ತದೆ. ಕೂತಾಗ ವಾದ್ಯ ಎಷ್ಟು ಎತ್ತರದಲ್ಲಿರುತ್ತದೋ ನಿಂತಾಗಲೂ ಅಷ್ಟೇ ಇರುವಂತೆ ಸ್ಟ್ರಾಪ್ ಗಿಡ್ಡಮಾಡಿ. ಹೆಡ್‌ಸ್ಟಾಕ್ ನೆಲದ ಕಡೆ ವಾಲುವ ವಾದ್ಯವಾದರೆ ಎಡಗೈ ಅರಿವಿಲ್ಲದೆ ಅದನ್ನು ಹೊರುತ್ತಿರುತ್ತದೆ. ಒಳಮೈ ಒರಟಾಗಿರುವ ಅಗಲದ ಸ್ಟ್ರಾಪ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಸದ್ಯಕ್ಕೆ 10 ನಿಮಿಷ ನುಡಿಸಿ 2 ನಿಮಿಷ ಬಿಡಿ, ನೋವು ಶುರುವಾದ ಕ್ಷಣ ನಿಲ್ಲಿಸಿ.

ವಿಶ್ರಾಂತಿ ಕೊಟ್ಟರೂ ಎರಡು ಮೂರು ವಾರದಲ್ಲಿ ನೋವು ಇಳಿಯದಿದ್ದರೆ, ಹೆಬ್ಬೆರಳು, ತೋರು, ನಡುಬೆರಳುಗಳಲ್ಲಿ ಜುಮ್ಮೆನ್ನುವುದು ಅಥವಾ ರಾತ್ರಿ ಎಚ್ಚರಗೊಳಿಸುವ ಮರಗಟ್ಟುವಿಕೆ ಇದ್ದರೆ, ಉಂಗುರ ಮತ್ತು ಕಿರುಬೆರಳು ಮರಗಟ್ಟಿದರೆ, ಕೈಯಿಂದ ವಸ್ತು ಜಾರುತ್ತಿದ್ದರೆ ವೈದ್ಯರನ್ನು ಕಾಣಿ. ಇವು ನರದ ಮೇಲೆ ಒತ್ತಡ ಬೀಳುತ್ತಿರುವುದರ ಗುರುತಾಗಿರಬಹುದು, ನುಡಿಸುವ ಕ್ರಮ ತಿದ್ದುತ್ತ ಕಾಯುವ ವಿಷಯವಲ್ಲ.

ಬಲಗೈಯ ಪಾಲೂ ಸಣ್ಣದಲ್ಲ. ಆಂಪ್‌ನ ವಾಲ್ಯೂಮ್ ಏರಿಸಿ, ಬೆರಳನ್ನು ಹಗುರ ಮಾಡಿ. ಬೆರಳು ತಂತಿಯನ್ನು ಮೇಲಕ್ಕೆ ಎಳೆದು ಬಿಟ್ಟರೆ ಅದು ಫ್ರೆಟ್‌ಗಳಿಗೇ ಬಡಿಯುತ್ತದೆ. ಅಡ್ಡವಾಗಿ ದಾಟಿ ಹೋಗಿ ಪಕ್ಕದ ದಪ್ಪ ತಂತಿಗೆ ಒರಗಿ ನಿಲ್ಲಬೇಕು. ಮೀಟುವ ಜಾಗವನ್ನು ನೆಕ್ ಕಡೆಯಿಂದ ಬ್ರಿಡ್ಜ್ ಕಡೆಗೆ 3–5 ಸೆಂ.ಮೀ. ಸರಿಸಿದರೆ ತಂತಿ ಅಲ್ಲಿ ಗಡುಸು, ತೂಗು ಕಡಿಮೆ, ಸ್ವರದ ಅಂಚು ಸ್ಪಷ್ಟ. ಬೆರಳು ಪಕ್ಕದ ತಂತಿಗೆ ಒರಗುವ ಈ ಅಭ್ಯಾಸದಿಂದಲೇ ನಿಮ್ಮ ರೆಕಾರ್ಡಿಂಗ್‌ನ ಕಲಸುಮೇಲೋಗರವೂ ಅರ್ಧ ತಿಳಿಯಾಗುತ್ತದೆ, ಏಕೆಂದರೆ ಒರಗಿದ ಬೆರಳು ಆ ತಂತಿಯನ್ನು ಸುಮ್ಮನಿರಿಸುತ್ತದೆ. ಉಳಿದರ್ಧ ಹೆಬ್ಬೆರಳಿನ ಕೆಲಸ. ಇ ತಂತಿ ನುಡಿಸುವಾಗ ಅದು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲಿರಲಿ. ಎ ತಂತಿಗೆ ಹೋದಾಗ ಇ ತಂತಿಯ ಮೇಲೆ ಬರಲಿ. ಡಿ ನುಡಿಸುವಾಗ ಎ ಮೇಲೆ ಕೂತು, ಮಗ್ಗುಲಿನಿಂದ ಇ ತಂತಿಯನ್ನೂ ಮುಟ್ಟಿಕೊಂಡಿರಲಿ. ಹೆಬ್ಬೆರಳು ಪಿಕಪ್‌ಗೇ ಅಂಟಿಕೊಂಡಿದ್ದರೆ ಜಿ ತಂತಿಯಲ್ಲಿ ನುಡಿಸುವಾಗ ಖಾಲಿ ಬಿದ್ದ ಇ, ಎ ತಂತಿಗಳು ತಾವಾಗಿ ಗುಂಯ್‌ಗುಡುತ್ತಿರುತ್ತವೆ. ಕೋಣೆಯಲ್ಲಿ ಅದು ಇಂಪೇ ಅನಿಸುತ್ತದೆ, ಮೈಕ್ ಮುಂದೆ ರಾಡಿ. ಎಡಗೈಯಲ್ಲಿ ಸ್ವರ ಮುಗಿಸುವಾಗ ಬೆರಳನ್ನು ತಂತಿಯಿಂದ ಕೀಳದೆ, ಒತ್ತಡ ಬಿಟ್ಟು ತಂತಿಯ ಮೇಲೇ ಇಟ್ಟುಕೊಳ್ಳಿ. ಮೆಟ್ರೊನೋಮನ್ನು 60ಕ್ಕಿಟ್ಟು ಒಂದು ಬಡಿತ ಸ್ವರ, ಒಂದು ಬಡಿತ ಪೂರ್ತಿ ಮೌನ ಎಂದು ನುಡಿಸಿ ರೆಕಾರ್ಡ್ ಮಾಡಿ ಕೇಳಿ. ಮೌನದ ಬಡಿತದಲ್ಲಿ ಏನು ಉಳಿದಿದೆಯೋ ಅದೇ ನಿಮ್ಮ ರಾಡಿ. ಇದು ಹೋಗುವ ಮೊದಲು ಟೋನ್ ನಾಬ್ ತಿರುಗಿಸಿ ಫಲವಿಲ್ಲ.

ಐದು ತಂತಿಯ ಬೇಸ್ ಕೊಂಡರೆ ಮಾಮೂಲಿ ಶ್ರುತಿಯಲ್ಲೇ ಬಿ ತಂತಿಯ 4ನೇ ಫ್ರೆಟ್‌ನಲ್ಲಿ ಆ ಕೆಳಗಿನ ಇ ಫ್ಲ್ಯಾಟ್ ಸಿಗುತ್ತದೆ, ನಿಜ. ಆದರೆ ನೆಕ್ ಅಗಲ, ಭಾರ ಹೆಚ್ಚು, ಸುಮ್ಮನಿರಿಸಬೇಕಾದ ತಂತಿ ಇನ್ನೊಂದು. ನೋವು ಮಾಸುವ ಮೊದಲು ಬೇಡ.

ಅದಕ್ಕಿಂತ ಹತ್ತಿರದ ದಾರಿ, ನಿಮ್ಮ ಬೇಸನ್ನು ಮಾಮೂಲಿ ಶ್ರುತಿಗೆ ಮರಳಿಸಿ ಹಾಡುಗಳನ್ನು ಅರ್ಧ ಸ್ವರ ಕೆಳಗೆ ಸರಿಸಿ ನುಡಿಸುವುದು. ಆಗ ಬಿಗಿತವೂ ರಿಲೀಫೂ ಹಳೆಯ ಜಾಗಕ್ಕೆ ಬರುತ್ತವೆ, ಬಹುಶಃ ಅಲೆನ್ ಕೀ ಮುಟ್ಟುವುದೇ ಬೇಡ. ಕಳೆದುಕೊಳ್ಳುವುದು ಖಾಲಿ ತಂತಿಯ ಅನುಕೂಲವನ್ನು ಮತ್ತು ಅತಿ ಕೆಳಗಿನ ಆ ಒಂದು ಸ್ವರವನ್ನು. ಹಾಡು ಆ ಸ್ವರವನ್ನು ಕೇಳಿದಲ್ಲಿ ಒಂದು ಸ್ಥಾಯಿ ಮೇಲೆ ನುಡಿಸಬೇಕಾಗುತ್ತದೆ. ಥಿಯರಿ ಕೈಗೆ ಬರುವುದು ಇಲ್ಲೇ. ಆಧಾರ ಸ್ವರ ಎಲ್ಲಿದ್ದರೂ ಉಳಿದವುಗಳ ಆಕಾರ ಬದಲಾಗುವುದಿಲ್ಲ. ಪಂಚಮ ಪಕ್ಕದ ತೆಳು ತಂತಿಯಲ್ಲಿ ಎರಡು ಫ್ರೆಟ್ ಮೇಲೆ, ಮೇಲಿನ ಷಡ್ಜ ಎರಡು ತಂತಿ ದಾಟಿ ಎರಡು ಫ್ರೆಟ್ ಮೇಲೆ. ಮೇಜರ್ ಕಾರ್ಡ್‌ನ ಅಂತರ ಗಾಂಧಾರ ಪಕ್ಕದ ತೆಳು ತಂತಿಯಲ್ಲಿ ಒಂದು ಫ್ರೆಟ್ ಹಿಂದೆ, ಮೈನರ್‌ನ ಸಾಧಾರಣ ಗಾಂಧಾರ ಆಧಾರ ಸ್ವರದ ತಂತಿಯಲ್ಲೇ ಮೂರು ಫ್ರೆಟ್ ಮೇಲೆ. ಇ ಮೇಜರ್‌ನ ಹಾಡು ಇ ಫ್ಲ್ಯಾಟ್‌ಗೆ ಬಂದಾಗ ಆಧಾರವನ್ನು ಎ ತಂತಿಯ 6ನೇ ಫ್ರೆಟ್‌ನಲ್ಲಿ ಹಿಡಿಯಿರಿ. ಗಾಂಧಾರ ಡಿ ತಂತಿಯ 5ರಲ್ಲಿ, ಪಂಚಮ ಅದೇ ತಂತಿಯ 8ರಲ್ಲಿ, ಮೇಲಿನ ಷಡ್ಜ ಜಿ ತಂತಿಯ 8ರಲ್ಲಿ. ನಾಲ್ಕೂ ಸ್ವರ 5ರಿಂದ 8ರೊಳಗೇ ಇವೆ, ಕೈ ಚಾಚದೆ ಸಿಗುತ್ತವೆ, ನೋಯುವ ಹೆಬ್ಬೆರಳಿಗೆ ಮೊದಲ ಫ್ರೆಟ್‌ಗಳಿಗಿಂತ ಎಷ್ಟೋ ಹಗುರ. ಇ ಮತ್ತು ಎ ತಂತಿಗಳಲ್ಲಿ 12ನೇ ಫ್ರೆಟ್‌ವರೆಗಿನ ಸ್ವರಗಳ ಹೆಸರು ಬಾಯಿಗೆ ಬಂದರೆ ಗಾಯಕಿ ಇನ್ನೊಂದು ಅರ್ಧ ಸ್ವರ ಇಳಿಸೋಣ ಎಂದಾಗಲೂ ಟ್ಯೂನರ್‌ಗೆ ಕೈಹಾಕಬೇಕಾಗುವುದಿಲ್ಲ, ಅದೇ ಆಕಾರವನ್ನು ಒಂದು ಫ್ರೆಟ್ ಹಿಂದಕ್ಕೆ ಸರಿಸಿದರೆ ಆಯಿತು.